ಗುಲ್ವಾಡಿ ವೆಂಕಟರಾಯರು

ಕಾದಂಬರಿಯು ಇಂದು ಕನ್ನಡಿಗರಿಗೆ ಅತ್ಯಂತ ಪರಿಚಿತವಾದ ಸಾಹಿತ್ಯ ಪ್ರಕಾರ. ಹಳ್ಳಿಯ ವಾಚನಾಲಯದಲ್ಲಿಯೂ ನಾಲ್ಕಾರು ಕಾದಂಬರಿಗಳು ದೊರೆಯುತ್ತವೆ. ಆದರೆ ನಮ್ಮ ಸುತ್ತಲಿನ ಮನೆ, ಬೀದಿ, ಕಚೇರಿ, ಮಠಗಳಲ್ಲಿ ನಡೆಯುವ ಬದುಕನ್ನೇ ವಸ್ತುವನ್ನಾಗಿ ಮಾಡಿಕೊಂಡು, ಗದ್ಯದಲ್ಲಿ ದೀರ್ಘವಾದ ಕಥೆಯನ್ನು ಹೇಳಬಹುದೆಂಬ ಅರಿವು ಕನ್ನಡದಲ್ಲಿ ಮೂಡಿ ಬಹಳ ಕಾಲವಾಗಿಲ್ಲ. 1899ರಲ್ಲಿ ಮಂಗಳೂರಿನಿಂದ ಹೊರಬಂದ ‘ಇಂದಿರಾಬಾಯಿ’ ಎಂಬ ಕೃತಿಯು ಆ ಹೊಸ ದಾರಿಯನ್ನು ತೆರೆಯಿತು. ‘ಸದ್ಧರ್ಮ ವಿಜಯ’ ಎಂಬುದು ಅದರ ಇನ್ನೊಂದು ಹೆಸರು. ಇದನ್ನು ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಸಾಹಿತ್ಯ ಚರಿತ್ರಕಾರರು ಗುರುತಿಸಿದ್ದಾರೆ. ಇದನ್ನು ರಚಿಸಿದವರು ಪಂಡಿತರಲ್ಲ, ಉಪಾಧ್ಯಾಯರಲ್ಲ, ಆಸ್ಥಾನದ ಕವಿಗಳೂ ಅಲ್ಲ. ಅವರು ಪೊಲೀಸ್ ಇಲಾಖೆಯ ಅಧಿಕಾರಿ. ಅವರೇ ಗುಲ್ವಾಡಿ ವೆಂಕಟರಾಯರು.

ವೆಂಕಟರಾಯರು ಜನಿಸಿದುದು 1844ರಲ್ಲಿ. ಅವರು ಕರಾವಳಿಯ ಸಾರಸ್ವತ ಮನೆತನಕ್ಕೆ ಸೇರಿದವರು. ಮನೆಯ ಮಾತು ಕೊಂಕಣಿ. ನೆರೆಹೊರೆಯ ಮಾತು ತುಳು. ಶಾಲೆ, ಕಚೇರಿ, ಕಾವ್ಯಗಳ ಭಾಷೆ ಕನ್ನಡ. ಆಳುವವರ ಭಾಷೆ ಇಂಗ್ಲಿಷು. ಹೀಗೆ ನಾಲ್ಕು ಭಾಷೆಗಳು ದಿನವೂ ಕಿವಿಗೆ ಬೀಳುತ್ತಿದ್ದ ನಾಡಿನಲ್ಲಿ ಅವರು ಬೆಳೆದರು. ತಮ್ಮ ಸಮಾಜಕ್ಕೆ ಹೇಳಬೇಕಾದುದನ್ನು ಹೇಳಲು ಅವರು ಆರಿಸಿಕೊಂಡುದು ಕನ್ನಡವನ್ನು.

ಆಗಿನ ಕಾಲದಲ್ಲಿ ಕನ್ನಡ ನಾಡು ಒಂದೇ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿಹೋಯಿತು. ಘಟ್ಟದ ಮೇಲಿನ ತುಮಕೂರು, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಮೊದಲಾದ ಸೀಮೆಗಳು ಮೈಸೂರು ಸಂಸ್ಥಾನದಲ್ಲಿದ್ದವು. ಭಾಷೆ ಒಂದೇ ಆಗಿದ್ದರೂ ಕಾಯಿದೆಗಳು ಬೇರೆ, ಪಠ್ಯಪುಸ್ತಕಗಳು ಬೇರೆ, ಕಚೇರಿಗಳು ಬೇರೆ. ಒಂದು ಭಾಗದಲ್ಲಿ ಅಚ್ಚಾದ ಪುಸ್ತಕವು ಇನ್ನೊಂದು ಭಾಗದ ಓದುಗರಿಗೆ ತಲುಪುವುದು ಸುಲಭವಾಗಿರಲಿಲ್ಲ.

ಈ ಭಾಗಗಳಲ್ಲಿ ಅಚ್ಚಿನ ಅನುಕೂಲವು ಮೊದಲು ದೊರೆತ ಊರುಗಳಲ್ಲಿ ಮಂಗಳೂರು ಮುಖ್ಯವಾದುದು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ ಸಂಸ್ಥೆಯವರು 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರಲ್ಲಿ, ಅಂದರೆ ವೆಂಕಟರಾಯರು ಹುಟ್ಟುವ ಹಿಂದಿನ ವರ್ಷ, ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಟಿತು. ಕಿಟ್ಟೆಲರ ಮಹಾನಿಘಂಟು 1894ರಲ್ಲಿ ಇದೇ ಊರಿನಲ್ಲಿ ಪ್ರಕಟವಾಯಿತು. ವೆಂಕಟರಾಯರ ಜೀವಿತದ ಅರ್ಧ ಶತಮಾನದಲ್ಲಿ ಕನ್ನಡ ಗದ್ಯವು ಈ ಅಚ್ಚುಮೊಳೆಗಳ ನಡುವೆ ರೂಪುಗೊಳ್ಳುತ್ತಿತ್ತು.

ವೆಂಕಟರಾಯರು ವಿದ್ಯಾಭ್ಯಾಸದ ಅನಂತರ ಪೊಲೀಸ್ ಇಲಾಖೆಯನ್ನು ಸೇರಿದರು. 1859ರ ಕಾಯಿದೆಯಿಂದ ಮದರಾಸು ಪ್ರಾಂತದ ಪೊಲೀಸ್ ವ್ಯವಸ್ಥೆಯು ಹೊಸದಾಗಿ ಸಂಘಟಿತವಾಗಿತ್ತು. ಪೊಲೀಸ್ ಅಧಿಕಾರಿಯ ವೃತ್ತಿಯು ಸಾಹಿತ್ಯಕ್ಕೆ ದೂರವಾದುದೆಂದು ತೋರಬಹುದು. ಆದರೆ ಊರಿನ ಹೊರಮುಖವನ್ನಲ್ಲದೆ ಒಳಮುಖವನ್ನೂ ಕಾಣುವ ಅವಕಾಶವು ಅಂತಹ ಅಧಿಕಾರಿಗಿರುವಷ್ಟು ಬೇರೆಯವರಿಗೆ ಇರುವುದಿಲ್ಲ. ಲಂಚದಿಂದ ಬೆಳೆದ ಸಂಪತ್ತು, ಸುಳ್ಳು ಸಾಕ್ಷ್ಯ, ಧರ್ಮದ ಹೆಸರಿನಲ್ಲಿ ನಡೆಯುವ ವಂಚನೆ, ದಿಕ್ಕಿಲ್ಲದವರ ಕಣ್ಣೀರು ಇವೆಲ್ಲ ಅವನ ದಿನನಿತ್ಯದ ಕೆಲಸದಲ್ಲಿ ಎದುರಾಗುತ್ತವೆ. ವೆಂಕಟರಾಯರ ಕಾದಂಬರಿಯಲ್ಲಿ ಕಚೇರಿಯ ವ್ಯವಹಾರಗಳೂ ಭ್ರಷ್ಟತೆಯ ಬಗೆಗಳೂ ಅಷ್ಟೊಂದು ನೈಜವಾಗಿ ಚಿತ್ರಿತವಾಗಿರುವುದಕ್ಕೆ ಈ ಅನುಭವವೇ ಆಧಾರ.

ಆ ಕಾಲದ ಸಮಾಜದ ಸ್ಥಿತಿಯನ್ನು ತಿಳಿಯದೆ ‘ಇಂದಿರಾಬಾಯಿ’ಯ ಮಹತ್ತ್ವವನ್ನು ಅರಿಯಲಾಗದು. ಮೇಲುಜಾತಿಗಳೆನಿಸಿಕೊಂಡವರ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಆಟವಾಡುವ ವಯಸ್ಸಿನಲ್ಲಿಯೇ ಮದುವೆಯಾಗುತ್ತಿತ್ತು. ಗಂಡನು ತೀರಿಕೊಂಡರೆ, ಅವನ ಮುಖವನ್ನೇ ಸರಿಯಾಗಿ ಕಾಣದಿದ್ದ ಬಾಲೆಯು ಜೀವನಪರ್ಯಂತ ವಿಧವೆಯಾಗಿರಬೇಕಾಗಿತ್ತು. ಒಳ್ಳೆಯ ಬಟ್ಟೆ, ಹೂವು, ಹಬ್ಬದ ಸಂಭ್ರಮ ಯಾವುದೂ ಅವಳಿಗಿಲ್ಲ. ಅನೇಕ ಕಡೆ ಅವಳ ತಲೆಗೂದಲನ್ನೂ ತೆಗೆಸುತ್ತಿದ್ದರು. ಶುಭಕಾರ್ಯಗಳಲ್ಲಿ ಅವಳ ನೆರಳೂ ಬೀಳಬಾರದೆಂದು ದೂರವಿಡುತ್ತಿದ್ದರು. ಓದು ಬರಹ ಕಲಿತರೆ ಅನರ್ಥವಾಗುತ್ತದೆಂದು ಹೆದರಿಸುತ್ತಿದ್ದರು.

ಈ ಅನ್ಯಾಯವನ್ನು ಕಂಡು ನೊಂದವರು ಇಲ್ಲದಿರಲಿಲ್ಲ. ಬಂಗಾಳದಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ನಡೆಸಿದ ಹೋರಾಟದ ಫಲವಾಗಿ 1856ರಲ್ಲಿ ವಿಧವಾ ವಿವಾಹವು ಕಾಯಿದೆಯ ಮನ್ನಣೆಯನ್ನು ಪಡೆಯಿತು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಒಂದು ಶಾಸನವು ಜಾರಿಗೆ ಬಂದು, 8 ವರ್ಷ ತುಂಬದ ಬಾಲಿಕೆಯರ ಮದುವೆಯನ್ನೂ, 50 ವರ್ಷ ಮೀರಿದ ಪುರುಷರು 14 ವರ್ಷ ತುಂಬದ ಹುಡುಗಿಯರನ್ನು ವರಿಸುವುದನ್ನೂ ನಿಷೇಧಿಸಿತು. ಈ ಶಾಸನವು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಂತಹ ಸಂಸ್ಥಾನದ ಊರುಗಳಿಗೆ ಅನ್ವಯಿಸಿತೇ ಹೊರತು, ಮದರಾಸು ಪ್ರಾಂತದಲ್ಲಿದ್ದ ಮಂಗಳೂರಿಗೆ ಅನ್ವಯಿಸಲಿಲ್ಲ. ಎಂಟು ವರ್ಷದೊಳಗಿನ ಮದುವೆಯನ್ನು ತಡೆಯಲು ಒಂದು ಶಾಸನವೇ ಬೇಕಾಯಿತೆಂಬುದರಿಂದ ಅಂದಿನ ಪರಿಸ್ಥಿತಿಯನ್ನು ಊಹಿಸಬಹುದು. ಮಂಗಳೂರಿನಲ್ಲಿಯೂ ಸುಧಾರಣೆಯ ಗಾಳಿ ಬೀಸಲಾರಂಭಿಸಿತ್ತು. 1870ರಲ್ಲಿ ಉಳ್ಳಾಲ ರಘುನಾಥಯ್ಯನವರು ಅಲ್ಲಿ ಬ್ರಹ್ಮಸಮಾಜವನ್ನು ಸ್ಥಾಪಿಸಿದರು. ಸಾರಸ್ವತರೇ ಆದ ಕುದ್ಮುಲ್ ರಂಗರಾಯರು ದಲಿತರ ವಿದ್ಯಾಭ್ಯಾಸಕ್ಕಾಗಿ ಶಾಲೆಯನ್ನು ತೆರೆದು, ಸ್ವಜನರ ವಿರೋಧವನ್ನು ಎದುರಿಸುತ್ತಿದ್ದರು.

ಕಾಯಿದೆಯು ಅನುಮತಿಯನ್ನು ಕೊಡಬಲ್ಲುದು, ಮನಸ್ಸನ್ನು ಬದಲಿಸಲಾರದು. ವಿಧವೆಗೆ ಮರುಮದುವೆಯಾಗುವ ಹಕ್ಕು ದೊರೆತು 43 ವರ್ಷಗಳಾಗಿದ್ದರೂ ಆ ಹಕ್ಕನ್ನು ಬಳಸಿಕೊಂಡವರು ತೀರ ವಿರಳ. ಜನರ ಹೃದಯವನ್ನು ಮುಟ್ಟುವ ಬೇರೊಂದು ಸಾಧನವು ಬೇಕಾಗಿತ್ತು. ವೆಂಕಟರಾಯರು ಅದನ್ನು ಕಥೆಯಲ್ಲಿ ಕಂಡುಕೊಂಡರು. ಆಗ ಅವರಿಗೆ ವಯಸ್ಸು 55ರ ಆಸುಪಾಸು. ಸರ್ಕಾರಿ ನೌಕರರು ವಿಶ್ರಾಂತಿಯನ್ನು ಬಯಸುವ ಆ ವಯಸ್ಸಿನಲ್ಲಿ ಅವರು ತಮ್ಮ ಮೊದಲ ಕಾದಂಬರಿಯನ್ನು ಪ್ರಕಟಿಸಿದರು.

ಕನ್ನಡದಲ್ಲಿ ಅವರಿಗೆ ಮಾರ್ಗದರ್ಶಕವಾದ ಕೃತಿಗಳು ಹೆಚ್ಚಾಗಿರಲಿಲ್ಲ. ಕೆಂಪುನಾರಾಯಣನ ‘ಮುದ್ರಾಮಂಜೂಷ’ವು 1823ರಷ್ಟು ಹಿಂದೆಯೇ ರಚಿತವಾಗಿದ್ದರೂ ಅದು ಪ್ರಾಚೀನ ರಾಜಮಂತ್ರಿಗಳ ಕಥೆ. ಮೈಸೂರು ಸಂಸ್ಥಾನದಲ್ಲಿ ಬಿ. ವೆಂಕಟಾಚಾರ್ಯರು 1885ರಲ್ಲಿ ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಕನ್ನಡಕ್ಕೆ ತಂದು, ಮುಂದೆ ಹಲವಾರು ಬಂಗಾಳಿ ಕಾದಂಬರಿಗಳನ್ನು ಅನುವಾದಿಸಿ ಓದುಗರ ಬಳಗವನ್ನೇ ಸೃಷ್ಟಿಸಿದ್ದರು. ವೆಂಕಟಾಚಾರ್ಯರು ಹುಟ್ಟಿದುದು 1845ರಲ್ಲಿ, ಅವರು ಮುನ್ಸೀಫರಾಗಿದ್ದವರು. ವೆಂಕಟರಾಯರು ಅವರಿಗಿಂತ ಒಂದು ವರ್ಷ ಹಿರಿಯರು. ಘಟ್ಟದ ಮೇಲೆ ಒಬ್ಬ ನ್ಯಾಯಾಧೀಶರು, ಘಟ್ಟದ ಕೆಳಗೆ ಒಬ್ಬ ಪೊಲೀಸ್ ಅಧಿಕಾರಿ, ಹೀಗೆ ಇಬ್ಬರು ಸಮವಯಸ್ಕರು ಕನ್ನಡ ಕಾದಂಬರಿಗೆ ತಳಪಾಯವನ್ನು ಹಾಕಿದುದು ಒಂದು ವಿಶೇಷ. ಒಬ್ಬರು ಹೊರಗಿನ ಕಥೆಗಳನ್ನು ತಂದರು. ಇನ್ನೊಬ್ಬರು ತಮ್ಮ ಊರಿನ ಕಥೆಯನ್ನೇ ಬರೆದರು.

ಕಾದಂಬರಿಯ ಕಥೆ ನಡೆಯುವುದು ಕಮಲಪುರವೆಂಬ ಕಲ್ಪಿತ ಪಟ್ಟಣದಲ್ಲಿ. ಅಲ್ಲಿ ಭೀಮರಾಯನೆಂಬ ಧನಿಕನಿದ್ದಾನೆ. ಅವನ ಸಂಪತ್ತು ನ್ಯಾಯದ ದಾರಿಯಿಂದ ಬಂದುದಲ್ಲ. ಅವನ ಹೆಂಡತಿ ಅಂಬಾಬಾಯಿಗೆ ಸಂತರೆನಿಸಿಕೊಂಡವರಲ್ಲಿ ಕುರುಡು ಭಕ್ತಿ. ಈ ದಂಪತಿಗಳ ಮಗಳೇ ಇಂದಿರೆ. ಎಳೆಯ ವಯಸ್ಸಿನಲ್ಲಿಯೇ ಮದುವೆಯಾದ ಅವಳು ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗುತ್ತಾಳೆ. ಮಗಳ ಮುಂದಿನ ಬದುಕಿನ ಬಗ್ಗೆ ತಂದೆತಾಯಿಗಳಿಗಿರುವ ಯೋಚನೆಯೆಲ್ಲ ಒಂದೇ: ಅವಳು ಸಂತರ ಸೇವೆಯಲ್ಲಿ ಕಾಲವನ್ನು ಕಳೆದು ಪುಣ್ಯವನ್ನು ಸಂಪಾದಿಸಬೇಕು. ಆದರೆ ಆ ಸಂತರ ವೇಷದ ಒಳಗೆ ವೈರಾಗ್ಯವಿಲ್ಲ, ದುರಾಸೆ, ದುರುದ್ದೇಶಗಳಿವೆ. ಅಪಾಯವು ತನ್ನ ಮನೆಯೊಳಗೇ ಇರುವುದನ್ನು ಇಂದಿರೆ ಅರಿಯುತ್ತಾಳೆ. ಅವಳ ಮಾತನ್ನು ಹೆತ್ತವರೇ ಕೇಳುವ ಸ್ಥಿತಿಯಲ್ಲಿಲ್ಲ.

ಅದೇ ಊರಿನಲ್ಲಿ ಅಮೃತರಾಯನೆಂಬ ಪ್ರಾಮಾಣಿಕನಾದ ಅಧಿಕಾರಿಯಿದ್ದಾನೆ. ಅನಾಥನಾದ ಭಾಸ್ಕರನೆಂಬ ಹುಡುಗನನ್ನು ಸಲಹಿ ವಿದ್ಯಾವಂತನನ್ನಾಗಿ ಮಾಡುತ್ತಿರುವವನು ಅವನೇ. ಒಂದು ರಾತ್ರಿ ಇಂದಿರೆ ತಂದೆಯ ಮನೆಯನ್ನು ತೊರೆದು ಅಮೃತರಾಯನ ಆಶ್ರಯವನ್ನು ಬೇಡುತ್ತಾಳೆ. ಕಾದಂಬರಿಯ ತಿರುಳಿರುವುದು ಇಲ್ಲಿಯೇ. ಅವಳು ನಡೆದು ಬಂದ ದೂರವು ಒಂದು ಮನೆಯಿಂದ ಇನ್ನೊಂದು ಮನೆಗೆ ಇರುವಷ್ಟು ಮಾತ್ರ. ಆದರೆ ಆ ಹೊಸ್ತಿಲನ್ನು ದಾಟುವುದರ ಅರ್ಥವೇನೆಂಬುದು ಅವಳಿಗೂ ಗೊತ್ತು, ಅವಳನ್ನು ಒಳಗೆ ಕರೆದುಕೊಂಡ ಅಮೃತರಾಯನಿಗೂ ಗೊತ್ತು. ಅವಳ ಹೆಸರಿಗೆ ಕಳಂಕ ತಟ್ಟಬಹುದು. ಅವನ ಮನೆತನಕ್ಕೆ ಬಹಿಷ್ಕಾರ ಬರಬಹುದು. ಅಂದಿನ ಬಹಿಷ್ಕಾರವು ಸಾಮಾನ್ಯವಾದ ಶಿಕ್ಷೆಯಾಗಿರಲಿಲ್ಲ. ಬಹಿಷ್ಕೃತನ ಮನೆಯಲ್ಲಿ ಯಾರೂ ಊಟ ಮಾಡರು. ಅವನ ಮಕ್ಕಳಿಗೆ ಹೆಣ್ಣು ಕೊಡರು, ಹೆಣ್ಣು ತರರು. ಅವನು ಸತ್ತರೆ ಹೆಗಲು ಕೊಡಲೂ ಬರರು. ಇಷ್ಟನ್ನೂ ತಿಳಿದೇ ಅಮೃತರಾಯನು ಬಾಗಿಲನ್ನು ತೆರೆಯುತ್ತಾನೆ.

ಇಂದಿರೆಗೆ ಅಲ್ಲಿ ದೊರೆಯುವುದು ಅನ್ನ, ವಸ್ತ್ರ, ರಕ್ಷಣೆಗಳಷ್ಟೇ ಅಲ್ಲ, ವಿದ್ಯೆಯೂ ದೊರೆಯುತ್ತದೆ. ಅವಳು ಓದಿ, ಯೋಚಿಸಿ, ತನ್ನ ಬಾಳಿನ ಬಗ್ಗೆ ತಾನೇ ನಿರ್ಧರಿಸಬಲ್ಲ ಪ್ರೌಢೆಯಾಗುತ್ತಾಳೆ. ಇತ್ತ ಭಾಸ್ಕರನು ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೋಗಿ ಬರುತ್ತಾನೆ. ಸಮುದ್ರಯಾನವನ್ನೇ ಪಾಪವೆಂದು ಭಾವಿಸುತ್ತಿದ್ದ ಕಾಲವದು. ಕೊನೆಯಲ್ಲಿ ಇಂದಿರೆ ಮತ್ತು ಭಾಸ್ಕರರ ವಿವಾಹವು ನಡೆಯುತ್ತದೆ. ವಿಧವೆಯೊಬ್ಬಳು ಕಥಾನಾಯಕಿಯಾಗಿ, ತನ್ನ ಮನಸ್ಸಿಗೆ ಒಪ್ಪಿದವನನ್ನು ವರಿಸಿ ಸುಖವಾಗಿ ಬಾಳಿದಳೆಂದು ಹೇಳುವುದಕ್ಕೆ ಆಗ ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ಇಂದು ಊಹಿಸುವುದೂ ಕಷ್ಟ.

ವೆಂಕಟರಾಯರ ಕಾಲದಲ್ಲಿ ಭಾರತವನ್ನಾಳುತ್ತಿದ್ದವಳು ವಿಕ್ಟೋರಿಯಾ ರಾಣಿ. ಆ ರಾಣಿಯ ಕಾಲದ ಇಂಗ್ಲೆಂಡಿನಲ್ಲಿಯೂ ದಿಕ್ಕಿಲ್ಲದ ಮಕ್ಕಳು ಕಷ್ಟಗಳನ್ನು ದಾಟಿ ಪ್ರಾಯಕ್ಕೆ ಬರುವ ಕಥೆಗಳು ಪ್ರಸಿದ್ಧವಾಗಿದ್ದವು. ಷಾರ್ಲಟ್ ಬ್ರಾಂಟೆಯ ‘ಜೇನ್ ಐರ್’ 1847ರಲ್ಲಿ ಪ್ರಕಟವಾಯಿತು. ಚಾರ್ಲ್ಸ್ ಡಿಕನ್ಸನ ‘ಡೇವಿಡ್ ಕಾಪರ್‌ಫೀಲ್ಡ್’ 1849 ಮತ್ತು 1850ರಲ್ಲಿ ತಿಂಗಳ ಕಂತುಗಳಾಗಿ ಹೊರಬಂದಿತು. ಜೇನಳು ಬಂಧುಗಳ ಮನೆಯಲ್ಲಿ ತಿರಸ್ಕಾರಕ್ಕೆ ಗುರಿಯಾದ ಅನಾಥೆ. ಡೇವಿಡನು ಎಳೆಯ ವಯಸ್ಸಿನಲ್ಲಿಯೇ ದುಡಿಮೆಗೆ ಬಿದ್ದ ಅನಾಥ. ಇಬ್ಬರನ್ನೂ ಮೇಲೆತ್ತಿದುದು ಸ್ವಂತ ಪರಿಶ್ರಮ ಮತ್ತು ವಿದ್ಯೆ. ‘ಇಂದಿರಾಬಾಯಿ’ಯಲ್ಲಿಯೂ ಅನಾಥನಾದ ಬಾಲಕ, ದಿಕ್ಕಿಲ್ಲದ ಬಾಲಕಿ ಇದ್ದಾರೆ, ಅವರನ್ನು ಕಾಪಾಡುವುದೂ ವಿದ್ಯೆಯೇ. ಆದರೆ ಒಂದು ಮುಖ್ಯವಾದ ಭೇದವಿದೆ. ಜೇನಳು ಪತ್ರಿಕೆಯಲ್ಲಿ ಜಾಹೀರಾತನ್ನು ಕೊಟ್ಟು, ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನು ಹುಡುಕಿಕೊಂಡು, ಒಬ್ಬಳೇ ಗಾಡಿ ಹತ್ತಿ ಹೋಗಬಲ್ಲಳು. ಇಂದಿರೆಗೆ ಅಂತಹ ಯಾವ ದಾರಿಯೂ ತೆರೆದಿರಲಿಲ್ಲ. ಹುಟ್ಟಿದ ಮನೆಯನ್ನು ಬಿಟ್ಟರೆ ಸಜ್ಜನನೊಬ್ಬನ ಮನೆಯೇ ಅವಳಿಗೆ ಗತಿ. ಎರಡು ದೇಶಗಳ ಹೆಣ್ಣುಮಕ್ಕಳ ಸ್ಥಿತಿಯ ಅಂತರವು ಈ ಒಂದು ಸಂಗತಿಯಿಂದ ಸ್ಪಷ್ಟವಾಗುತ್ತದೆ.

ಭಾರತದ ಇತರ ಭಾಷೆಗಳಲ್ಲಿಯೂ ಇದೇ ಕಾಲದಲ್ಲಿ ಕಾದಂಬರಿಯು ಹುಟ್ಟುತ್ತಿತ್ತು. ತಮಿಳಿನಲ್ಲಿ ವೇದನಾಯಕಂ ಪಿಳ್ಳೆಯವರ ‘ಪ್ರತಾಪ ಮುದಲಿಯಾರ್ ಚರಿತ್ರಂ’ 1879ರಲ್ಲಿಯೂ, ಮಲಯಾಳದಲ್ಲಿ ಚಂದು ಮೇನೋನರ ‘ಇಂದುಲೇಖಾ’ 1889ರಲ್ಲಿಯೂ ಪ್ರಕಟವಾದವು. ‘ಇಂದುಲೇಖಾ’ದ ನಾಯಕಿಯೂ ವಿದ್ಯಾವಂತೆ; ತನ್ನ ವಿವಾಹವನ್ನು ತಾನೇ ನಿರ್ಧರಿಸುವ ಛಲವುಳ್ಳವಳು. ಹೀಗೆ ‘ಇಂದಿರಾಬಾಯಿ’ಯು ಒಂಟಿಯಾದ ಕೃತಿಯಲ್ಲ, ದೇಶದಾದ್ಯಂತ ಎಚ್ಚರಗೊಳ್ಳುತ್ತಿದ್ದ ಹೊಸ ಪ್ರಜ್ಞೆಯ ಕನ್ನಡ ರೂಪ.

‘ಇಂದಿರಾಬಾಯಿ’ಯಲ್ಲಿ ಕುಂದುಗಳಿಲ್ಲವೆಂದಲ್ಲ. ಒಳ್ಳೆಯವರು ಸಂಪೂರ್ಣವಾಗಿ ಒಳ್ಳೆಯವರಾಗಿಯೂ, ಕೆಟ್ಟವರು ಸಂಪೂರ್ಣವಾಗಿ ಕೆಟ್ಟವರಾಗಿಯೂ ಚಿತ್ರಿತರಾಗಿದ್ದಾರೆ. ಇಂಗ್ಲಿಷ್ ವಿದ್ಯೆ ಮತ್ತು ಇಂಗ್ಲಿಷರ ಆಡಳಿತಗಳಲ್ಲಿ ಲೇಖಕರು ಇಟ್ಟ ವಿಶ್ವಾಸವು ಸ್ವಾತಂತ್ರ್ಯ ಹೋರಾಟವನ್ನು ಬಲ್ಲ ಇಂದಿನ ಓದುಗರಿಗೆ ಅತಿಯಾಗಿ ತೋರುತ್ತದೆ. ಆದರೂ ಧರ್ಮವನ್ನು ಅವರು ಹಳಿಯಲಿಲ್ಲವೆಂಬುದು ಗಮನಾರ್ಹ. ಅವರ ವಿರೋಧವು ಧರ್ಮದ ಹೆಸರಿನ ಕಪಟಕ್ಕೆ ಮಾತ್ರ. ಕೃತಿಗೆ ‘ಸದ್ಧರ್ಮ ವಿಜಯ’ವೆಂಬ ಹೆಸರನ್ನೂ ಇಟ್ಟುದರ ಆಶಯವಿದೇ. ದುರ್ಬಲರನ್ನು ಕಾಪಾಡುವುದೇ ಸದ್ಧರ್ಮ. ಅವರನ್ನು ತುಳಿಯುವುದು ಯಾವ ವೇಷದಲ್ಲಿ ಬಂದರೂ ಅಧರ್ಮವೇ.

ಈ ಕಾದಂಬರಿಯು ಬಹುಬೇಗ ಇಂಗ್ಲಿಷರ ಗಮನವನ್ನೂ ಸೆಳೆಯಿತು. ಐ.ಸಿ.ಎಸ್. ಅಧಿಕಾರಿಯಾಗಿದ್ದ ಎಂ. ಇ. ಕೌಚ್‌ಮನ್ ಎಂಬುವರು ಅದನ್ನು ಇಂಗ್ಲಿಷಿಗೆ ಅನುವಾದಿಸಿ 1903ರಲ್ಲಿ ಪ್ರಕಟಿಸಿದರು. ಇಂಗ್ಲಿಷಿನಿಂದ ಕನ್ನಡಕ್ಕೆ ಪುಸ್ತಕಗಳು ಬರುತ್ತಿದ್ದ ಕಾಲದಲ್ಲಿ, ಕನ್ನಡದ ಕಾದಂಬರಿಯೊಂದು ಕೇವಲ ನಾಲ್ಕು ವರ್ಷಗಳಲ್ಲಿ ಇಂಗ್ಲಿಷಿಗೆ ಹೋದುದು ಹೆಮ್ಮೆಯ ಸಂಗತಿ.

ವೆಂಕಟರಾಯರು ಒಂದು ಕೃತಿಗೆ ತೃಪ್ತರಾಗಲಿಲ್ಲ. 1900ರಲ್ಲಿ ‘ಭಾಗೀರಥಿ’ಯನ್ನೂ, 1907ರಲ್ಲಿ ‘ಸೀಮಂತಿನಿ’ಯನ್ನೂ ಪ್ರಕಟಿಸಿದರು. ಮೂರು ಕಾದಂಬರಿಗಳಿಗೂ ಸ್ತ್ರೀಯರ ಹೆಸರುಗಳೇ ಇರುವುದನ್ನು ಗಮನಿಸಬೇಕು. ಅವರು ತೋರಿದ ದಾರಿಯಲ್ಲಿ ಕರಾವಳಿಯ ಇತರ ಲೇಖಕರೂ ನಡೆದರು. ಬೋಳಾರ ಬಾಬುರಾಯರ ‘ವಾಗ್ದೇವಿ’ 1905ರಲ್ಲಿ, ಗುಲ್ವಾಡಿ ಅಣ್ಣಾಜಿರಾಯರ ‘ರೋಹಿಣಿ’ 1906ರಲ್ಲಿ ಪ್ರಕಟವಾದವು. 1913ರಲ್ಲಿ ವೆಂಕಟರಾಯರು ದಿವಂಗತರಾದರು.

ಅದೇ 1913ರಲ್ಲಿ, ಘಟ್ಟದ ಮೇಲೆ, ಮೈಸೂರು ಸಂಸ್ಥಾನದ ನಂಜನಗೂಡಿನಲ್ಲಿ ಮತ್ತೊಂದು ಘಟನೆ ನಡೆಯಿತು. 14ನೆಯ ವಯಸ್ಸಿನಲ್ಲಿ ವಿಧವೆಯಾಗಿ, ತಂದೆಯ ಪ್ರೋತ್ಸಾಹದಿಂದ ಮನೆಯಲ್ಲಿಯೇ ಓದಿ ವಿದ್ಯಾವಂತೆಯಾದ ತಿರುಮಲಾಂಬ ಎಂಬ ಮಹಿಳೆ ‘ಸತೀ ಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿ, ತಮ್ಮ ‘ಸುಶೀಲೆ’ ಕಾದಂಬರಿಯನ್ನು ಪ್ರಕಟಿಸಿದರು. ಮುಂದೆ ಅವರು ಪತ್ರಿಕೆಯನ್ನೂ ನಡೆಸಿದರು. ಬಾಲವಿಧವೆಯ ಕೈಗೆ ಪುಸ್ತಕವನ್ನು ಕೊಟ್ಟರೆ ಏನಾಗುತ್ತದೆಂಬುದನ್ನು ವೆಂಕಟರಾಯರು ಕಥೆಯಲ್ಲಿ ಕಲ್ಪಿಸಿದ್ದರು. ನಂಜನಗೂಡು ತಿರುಮಲಾಂಬನವರು ಅದನ್ನು ತಮ್ಮ ಬದುಕಿನಲ್ಲಿ ತೋರಿಸಿಕೊಟ್ಟರು. ಕಥೆಯಲ್ಲಿ ವಿಧವೆ ನಾಯಕಿಯಾಗಿದ್ದಳು. ಇಲ್ಲಿ ಅವಳೇ ಲೇಖಕಿಯಾದಳು.

ಅನಂತರದ ದಶಕಗಳಲ್ಲಿ ಕನ್ನಡ ಕಾದಂಬರಿಯು ಹೆಮ್ಮರವಾಗಿ ಬೆಳೆಯಿತು. ವೆಂಕಟರಾಯರ ಕರಾವಳಿಯಿಂದಲೇ ಬಂದ ಶಿವರಾಮ ಕಾರಂತರು ‘ಚೋಮನ ದುಡಿ’ಯಲ್ಲಿ ದಲಿತರ ದುಃಖವನ್ನು ಚಿತ್ರಿಸಿದರು. ಘಟ್ಟದ ಮೇಲೆ ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ 1915ರಲ್ಲಿ ಬಂದಿತು. ಈ ಬೆಳವಣಿಗೆಯ ನಡುವೆ ‘ಇಂದಿರಾಬಾಯಿ’ಯ ನೆನಪು ಕೆಲಕಾಲ ಮಸುಕಾದರೂ ಅಳಿಯಲಿಲ್ಲ. 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರು ಅದನ್ನು ಮತ್ತೊಮ್ಮೆ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದರು. 120 ವರ್ಷಗಳ ಅನಂತರವೂ ಒಂದು ಕೃತಿ ಹೊಸ ಓದುಗರನ್ನು ಪಡೆಯುವುದೆಂದರೆ ಅದರಲ್ಲಿ ಕಾಲವನ್ನು ಮೀರಿದ ಸತ್ತ್ವವಿದೆಯೆಂದೇ ಅರ್ಥ.

ಇಂದು ನಮ್ಮ ದೇಶದಲ್ಲಿ 18 ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯು ಕಾಯಿದೆಗೆ ವಿರುದ್ಧವಾದುದು. 2006ರಲ್ಲಿ ಬಂದ ಬಾಲ್ಯವಿವಾಹ ನಿಷೇಧ ಕಾಯಿದೆಯು ಅದನ್ನು ಮತ್ತಷ್ಟು ಬಿಗಿಗೊಳಿಸಿದೆ. ಇಂದಿರೆಯ ವಯಸ್ಸಿನ ಬಾಲಕಿಯರು ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ಶಾಲೆಗೆ ಹೋಗುತ್ತಿದ್ದಾರೆ. ಆದರೂ ಮದುವೆಗಾಗಿ ಓದನ್ನು ಅರ್ಧಕ್ಕೆ ಬಿಡಬೇಕಾದ ಹುಡುಗಿಯರು ಇನ್ನೂ ಇದ್ದಾರೆ. ಕಾಯಿದೆಯೊಂದೇ ಸಾಲದೆಂದು 1899ರಲ್ಲಿ ವೆಂಕಟರಾಯರು ಕಂಡುಕೊಂಡ ಸತ್ಯವು ಈಗಲೂ ಸತ್ಯವೇ.

ವೆಂಕಟರಾಯರು ದೊಡ್ಡ ಚಳವಳಿಯನ್ನು ನಡೆಸಿದವರಲ್ಲ. ಸಭೆಗಳನ್ನು ಕೂಡಿಸಿದ ನಾಯಕರೆಂದು ಹೆಸರಾದವರಲ್ಲ. ತಾವು ಕಂಡ ಅನ್ಯಾಯವನ್ನು ತಮ್ಮ ಜನರ ಮುಂದೆ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ನಿರ್ಭಯವಾಗಿ ಬರೆದಿಟ್ಟರು. ಹೆಣ್ಣಿಗೂ ಒಂದು ಮನಸ್ಸಿದೆ, ಆ ಮನಸ್ಸಿಗೆ ಬೆಳೆಯುವ ಹಕ್ಕಿದೆ ಎಂಬುದನ್ನು ಕಥೆಯ ಮೂಲಕ ತಿಳಿಸಿದರು. ಅಮೃತರಾಯನು ಆ ರಾತ್ರಿ ಇಂದಿರೆಗಾಗಿ ಒಂದು ಬಾಗಿಲನ್ನು ತೆರೆದಂತೆ, ಗುಲ್ವಾಡಿ ವೆಂಕಟರಾಯರು ಕನ್ನಡ ಸಾಹಿತ್ಯದ ಬಾಗಿಲನ್ನು ನೊಂದವರಿಗಾಗಿ ತೆರೆದರು. ಆದುದರಿಂದಲೇ ಅವರ ಹೆಸರು ಕನ್ನಡಿಗರಿಗೆ ಚಿರಸ್ಮರಣೀಯ.